ಪದ ಕಟ್ಟುವವರ ಹೊಣೆ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿರುವ ಟಿಬೆಟನ್ನರ ನಾಮ್‌ಡ್ರೋಲಿಂಗ್ ಮಠದಲ್ಲಿ ಮಂತ್ರಪಠಣಕ್ಕೆ ಕಿವಿಗೊಟ್ಟರೆ ನಮಗೆ ಗೊತ್ತಿರುವ ಶಬ್ದಗಳೇ ಬೇರೆ ರೂಪದಲ್ಲಿ ಕೇಳಿಸುತ್ತವೆ. 'ವಜ್ರ' ಅಲ್ಲಿ 'ಬೆಂಜ', 'ಪದ್ಮ' ಅಲ್ಲಿ 'ಪೆಮ'. ನಮ್ಮ ಹಳ್ಳಿಗರ ಬಾಯಲ್ಲೂ ವಜ್ರ ವಜ್ಜರವಾಗುತ್ತದಲ್ಲ. ನಾಲಿಗೆಗೆ ಅದರದೇ ಹಟವಿದೆ.

ಶಾಸ್ತ್ರದ ಮಾತಿಗೆ ಬಂದರೆ ಟಿಬೆಟನ್ನರು ಸಂಸ್ಕೃತದ ಸದ್ದನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟರು. ಬುದ್ಧ ಅವರಿಗೆ 'ಸಂಗ್ಯೆ': ಅಜ್ಞಾನದ ನಿದ್ದೆ ಕಳೆದವನು, ತಾವರೆಯಂತೆ ಅರಳಿದವನು. ಭಗವಾನ್ 'ಚೊಮ್‌ದೆನ್‌ದೆ': ಗೆದ್ದವನು, ಗುಣವುಳ್ಳವನು, ದಾಟಿ ಹೋದವನು. ದಾಟುವ ಮಾತು ಮೂಲದಲ್ಲಿಲ್ಲ. ಲೋಕದ ಬೇರೆ ದೇವರುಗಳನ್ನೂ ಭಗವಾನ್ ಎನ್ನುವುದುಂಟು, ಕೇಳುವವನಿಗೆ ಗೊಂದಲವಾಗಬಾರದೆಂದು ಅದನ್ನು ಸೇರಿಸಿದರು. 9ನೇ ಶತಮಾನದ ಆರಂಭದಲ್ಲಿ ಅರಸನ ಆಜ್ಞೆಯ ಮೇರೆಗೆ ಭಾರತದ ಪಂಡಿತರೂ ಟಿಬೆಟ್ಟಿನ ಅನುವಾದಕರೂ ಜೊತೆಗೆ ಕೂತು ಇಂಥ ಪದಗಳನ್ನು ಒಂದೊಂದಾಗಿ ಒರೆಗೆ ಹಚ್ಚಿದರು. 9 ಸಾವಿರಕ್ಕೂ ಹೆಚ್ಚು ಪದಗಳ ಕೋಶ 'ಮಹಾವ್ಯುತ್ಪತ್ತಿ' ಸಿದ್ಧವಾದದ್ದು ಹಾಗೆ.

ಅವರು ಹಾಕಿಕೊಂಡ ನಿಯಮಗಳು ನನಗೆ ಪದಕೋಶಕ್ಕಿಂತ ದೊಡ್ಡವಾಗಿ ಕಾಣುತ್ತವೆ. ಹೂವಿನ, ಊರಿನ ಹೆಸರನ್ನು ಅನುವಾದಿಸಿದರೆ ತಿಳಿಯದು ಎನಿಸಿದಾಗ ಹೆಸರನ್ನು ಹಾಗೇ ಉಳಿಸಿ, ಅದರ ಮೊದಲು 'ಹೂ', 'ದೇಶ' ಎಂದು ಸೇರಿಸಬೇಕು. ಸಂಸ್ಕೃತದಲ್ಲಿ ಭಿಕ್ಷುಗಳ ಲೆಕ್ಕ 'ಅರ್ಧ ಕಡಿಮೆ ಹದಿಮೂರು ನೂರು' ಎಂಬ ಧಾಟಿಯಲ್ಲಿದ್ದರೆ, ಟಿಬೆಟನ್ನರು ಎಣಿಸುವ ರೀತಿಯಲ್ಲೇ 1,250 ಎನ್ನಬೇಕು. ಯಾರೂ ತಮ್ಮಷ್ಟಕ್ಕೆ ಹೊಸ ಪದ ಹುಟ್ಟಿಸುವಂತಿಲ್ಲ. ಬೇಕೆನಿಸಿದರೆ ಕಾರಣ ಸಹಿತ ಸಭೆಯ ಮುಂದಿಟ್ಟು ಒಪ್ಪಿಗೆ ಪಡೆಯಬೇಕು. ಅಷ್ಟು ದೊಡ್ಡ ವಿದ್ವಾಂಸರು ತಮ್ಮ ವಿದ್ಯೆಗೆ ತಾವೇ ಕಡಿವಾಣ ಹಾಕಿಕೊಂಡರು.

ಅಂಥ ಕಡಿವಾಣ ನಮ್ಮಲ್ಲಿ ಕಾಣದು. ಬೈಲಕುಪ್ಪೆಯ ಸೀಮೆಯಲ್ಲೇ, ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರಿದ್ದಾರೆ. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಜೇನು, ಮರ, ಗೆಡ್ಡೆಗೆಣಸುಗಳ ಬಗ್ಗೆ ಅದರಲ್ಲಿರುವ ತಿಳಿವಳಿಕೆ ನಮ್ಮ ಓದಿದವರ ಕನ್ನಡಕ್ಕೆ ಎಟುಕದು. ನಾಗರಹೊಳೆ ಕಾಡಿನಿಂದ ಅವರ ಎಷ್ಟೋ ಮನೆಗಳು ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಬಂದವು. ಅರಣ್ಯ ಹಕ್ಕುಗಳ ಕಾಯ್ದೆ 2006ರಲ್ಲಿ ಬಂತು. ಆಗೆಲ್ಲ ಅವರ ಕೈಗೆ ಬಂದ ಸರ್ಕಾರಿ ಕಾಗದಗಳ ಕನ್ನಡವಾದರೂ ಎಂಥದ್ದು! ಪುನರ್ವಸತಿ, ಫಲಾನುಭವಿ, ಅಧಿನಿಯಮ, ಅನುಸೂಚಿತ. ಈ ಪದಗಳನ್ನು ಕಟ್ಟಿದವರು ಕೆಟ್ಟವರಲ್ಲ; ವ್ಯಾಕರಣವೂ ತಪ್ಪಿಲ್ಲ. ಆದರೆ ಮಹಾಪ್ರಾಣವೇ ಸುಳಿಯದ ಬಾಯಿಗೆ 'ಫಲಾನುಭವಿ' ಹೇಗೆ ಹತ್ತೀತು ಎಂದು ಯಾರೂ ಕೇಳಿಕೊಂಡಂತಿಲ್ಲ. ತನ್ನದೇ ನೆಲದ ಹಕ್ಕು ಕೇಳಲು ಹೋದ ಮುದುಕಿ ಆ ಪದ ಹೇಳಲಾಗದೆ ಮೇಜಿನ ಮುಂದೆ ತಲೆ ತಗ್ಗಿಸಿದರೆ, ಆ ನಾಚಿಕೆ ಪದ ಕಟ್ಟಿದವರಿಗೂ ಸೇರಬೇಕು.

ಹಾಗಾಗಿ ಸರ್ಕಾರದ ಹೊಸ ನಮೂನೆಯೊಂದು ಅಚ್ಚಿಗೆ ಹೋಗುವ ಮೊದಲು ಅದನ್ನು ಹಾಡಿಯಲ್ಲಿ ಗಟ್ಟಿಯಾಗಿ ಓದಿಸಬೇಕು. ಎಲ್ಲಿ ಅರ್ಥವಾಗದೆ ಮುಖ ಮುಖ ನೋಡುತ್ತಾರೋ ಅಲ್ಲಿ ನಿಲ್ಲಿಸಿ, 'ಇದಕ್ಕೆ ನೀವು ಏನಂತೀರಿ ಅವ್ವ?' ಎಂದು ಕೇಳಿ, ಆಕೆ ಹೇಳಿದ್ದನ್ನೇ ಬರೆದುಕೊಳ್ಳಬೇಕು.