ಬೇಡ ಎನ್ನುವ ಬಾಯಿ, ಬ್ರಹ್ಮವೆನ್ನುವ ಅನ್ನ

ಹರಿಹರನ ಕೋಳೂರು ಕೊಡಗೂಸಿನ ರಗಳೆಯಲ್ಲಿ ಒಬ್ಬ ಪುಟ್ಟ ಹುಡುಗಿ ದೇವರಿಗೇ ಉಣಿಸಲು ಹೊರಡುತ್ತಾಳೆ. ಊರಿಗೆ ಹೋಗುವ ಅಪ್ಪ ಶಿವನಿಗೆ ಹಾಲು ಕೊಡುವ ಕೆಲಸವನ್ನು ಅವಳಿಗೆ ವಹಿಸಿರುತ್ತಾನೆ. ಲಿಂಗದ ಮುಂದೆ ಹಾಲಿಟ್ಟು ಕಾಯುತ್ತಾಳೆ, ಶಿವ ಕುಡಿಯುವುದಿಲ್ಲ. ಓಲೈಸುತ್ತಾಳೆ, ಆಸೆ ತೋರಿಸುತ್ತಾಳೆ, ಅಳುತ್ತಾಳೆ, ಕೊನೆಗೆ ತಲೆ ಒಡೆದುಕೊಂಡು ಸಾಯಲು ಹೊರಡುತ್ತಾಳೆ. ಆಗ ಶಿವ ಪ್ರತ್ಯಕ್ಷನಾಗಿ ಹಾಲು ಕುಡಿಯುತ್ತಾನೆ. ಎರಡು ವರ್ಷದ ಕೂಸಿರುವ ಮನೆಯಲ್ಲಿ ಇದೇ ನಾಟಕ ದಿನಕ್ಕೆ ಮೂರು ಹೊತ್ತು ನಡೆಯುತ್ತದೆ. ಪಾತ್ರಗಳು ಮಾತ್ರ ಅದಲುಬದಲು, ಮತ್ತು ಕೊನೆಗೆ ಕುಡಿಯುವ ಖಾತ್ರಿಯಿಲ್ಲ.

ಬಟ್ಟಲಲ್ಲಿ ಮೆತ್ತಗೆ ಕಲಸಿದ ಬೇಳೆಕಟ್ಟಿನ ಅನ್ನ, ಮೇಲೊಂದಿಷ್ಟು ತುಪ್ಪ. ಮೊದಲ ನಾಲ್ಕು ತುತ್ತು ಸಲೀಸಾಗಿ ಇಳಿಯುತ್ತವೆ. ಐದನೆಯದಕ್ಕೆ ಮಗು ಮುಖ ತಿರುಗಿಸಿ ತುಟಿ ಬಿಗಿ ಹಿಡಿಯುತ್ತದೆ. ‘ಇದು ಅಪ್ಪಂದು, ಇದು ಅಜ್ಜೀದು’ ಅಂತ ಇನ್ನೆರಡು ಒಳಗೆ ಹೋಗುತ್ತವೆ. ಮುಂದಿನ ತುತ್ತು ಕೆನ್ನೆಯಲ್ಲೇ ಕೂತು, ಸ್ವಲ್ಪ ಹೊತ್ತಿಗೆ ಅಮ್ಮನ ಮಡಿಲಿಗೆ ಬೀಳುತ್ತದೆ. ‘ಅನ್ನ ಪರಬ್ರಹ್ಮ ಕಣೋ, ಉಗೀಬಾರ್ದು, ದೇವ್ರು ಬೈತಾನೆ’ ಎನ್ನುತ್ತಾರೆ ಅಜ್ಜಿ. ಬೇಸರಕ್ಕೆ ಆಡಿದ ಮಾತಾದರೂ ಅದರೊಳಗೆ ನಿಜವಾದ ಧರ್ಮಪ್ರಶ್ನೆ ಇದೆ. ಅನ್ನ ದೇವರೇ ಆದಮೇಲೆ ಬೇಡ ಎನ್ನುವ ಹಕ್ಕು ಯಾರಿಗಾದರೂ ಉಂಟೇ? ಮಾತೇ ಸರಿಯಾಗಿ ಬಾರದ ಮಗುವಿಗೆ?

ಅಜ್ಜಿಯ ಮಾತಿನ ಬೇರು ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯವರೆಗೆ ಹೋಗುತ್ತದೆ. ಬ್ರಹ್ಮ ಯಾವುದೆಂದು ಕೇಳಿಕೊಂಡು ಭೃಗು ತನ್ನ ತಂದೆ ವರುಣನ ಬಳಿ ಬರುತ್ತಾನೆ. ವರುಣ ಹುಡುಕುವ ದಾರಿ ಹೇಳಿ ತಪಸ್ಸಿಗೆ ಕಳಿಸುತ್ತಾನೆಯೇ ಹೊರತು ಉತ್ತರ ಕೊಡುವುದಿಲ್ಲ. ಅನ್ನವೇ ಬ್ರಹ್ಮವೆಂದು ಮಗ ಕಂಡುಕೊಳ್ಳುತ್ತಾನೆ. ಸಮಾಧಾನವಾಗದೆ ಮತ್ತೆ ಬರುತ್ತಾನೆ, ಮತ್ತೆ ತಪಸ್ಸು. ಹೀಗೆ ಪ್ರಾಣ, ಮನಸ್ಸು, ವಿಜ್ಞಾನ, ಕೊನೆಗೆ ಆನಂದ. ಅನ್ನವನ್ನು ಹಳಿಯಕೂಡದು, ಅಲ್ಲಗಳೆಯಕೂಡದು, ಅದನ್ನು ಹೆಚ್ಚಿಸಬೇಕು ಎಂಬ ಕಟ್ಟಳೆಗಳು ಬರುವುದು ಇಷ್ಟೆಲ್ಲ ಆದಮೇಲೆ, ಅದೂ ವ್ರತಗಳಾಗಿ. ವ್ರತವೆಂದರೆ ತಾನಾಗಿ ಹಿಡಿಯುವಂಥದ್ದು. ಇನ್ನೊಬ್ಬರ ಬಾಯಿಗೆ ತುರುಕಿದ್ದು ವ್ರತ ಹೇಗಾದೀತು? ಯಾವ ಸಂಕಲ್ಪವನ್ನೂ ಮಾಡದ ಕೂಸಿನ ಮೇಲೆ ವ್ರತಭಂಗದ ದೋಷ ಹೊರಿಸುವುದು ಆ ಉಪನಿಷತ್ತನ್ನು ತಲೆಕೆಳಗಾಗಿ ಓದಿದ ಹಾಗೆ. ಅನ್ನವನ್ನು ಗೌರವಿಸುವ ಹೊಣೆ ಬೆಳೆಯುವವರದು, ಬೇಯಿಸುವವರದು, ಬಡಿಸುವವರದು.

ಬೇರೆ ಕಡೆ ನೋಡಿದರೂ ‘ತಟ್ಟೆ ಖಾಲಿ ಮಾಡು’ ಎಂಬುದೊಂದೇ ಧರ್ಮವಲ್ಲ. ಪ್ರವಾದಿ ಮಹಮ್ಮದರು ಆಹಾರವನ್ನು ಎಂದೂ ಹಳಿದವರಲ್ಲ, ರುಚಿಸಿದರೆ ತಿನ್ನುತ್ತಿದ್ದರು, ಇಲ್ಲದಿದ್ದರೆ ಸುಮ್ಮನೆ ಬಿಡುತ್ತಿದ್ದರು ಎಂದು ಹದೀಸ್ ಹೇಳುತ್ತದೆ. ಜೈನರ ಆರು ಬಾಹ್ಯ ತಪಸ್ಸುಗಳಲ್ಲಿ ಅವಮೌದರ್ಯವೂ ಒಂದು: ಹೊಟ್ಟೆ ತುಂಬುವ ಮೊದಲೇ ಏಳುವುದು. ಮುನಿಗಳು ಸಾಧನೆಯಿಂದ ಪಡೆಯುವ ಈ ‘ಸಾಕು’ ಮಗುವಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ದೊಡ್ಡವರು ಅದನ್ನು ಮರೆಸಲು ಇಷ್ಟು ಕಷ್ಟಪಡುವುದು ವಿಚಿತ್ರ.

ಮಗು ಯಾಕೆ ‘ಸಾಕು’ ಎನ್ನುತ್ತದೆ ಎಂಬುದಕ್ಕೆ ತಕ್ಕಡಿಯೇ ಉತ್ತರ ಕೊಡುತ್ತದೆ. ಹುಟ್ಟುವಾಗ 3 ಕಿಲೋ ಇದ್ದ ಕೂಸು ವರ್ಷ ತುಂಬುವಾಗ 9 ಕಿಲೋ ಆಸುಪಾಸಿಗೆ ಬರುತ್ತದೆ. ಎರಡನೇ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೋ ಅಷ್ಟೇ. ಬೆಳವಣಿಗೆಯ ಓಟ ನಿಧಾನವಾದಾಗ ಹಸಿವೂ ತಗ್ಗುತ್ತದೆ. ಕಾಣದ ತಿನಿಸಿಗೆ ಹೆದರುವ ಕಾಲವೂ ಹೆಚ್ಚುಕಡಿಮೆ ಅದೇ. ಮನೆಯವರ ಕಣ್ಣಿಗೆ ಮಾತ್ರ ಇದು ಹಟ, ಇಲ್ಲವೇ ದೃಷ್ಟಿ; ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದ್ದೂ ಆಗುತ್ತದೆ.

ಒತ್ತಾಯದಿಂದ ಆಗುವುದೇನು? ಅಮೆರಿಕದಲ್ಲಿ ಲೀಆನ್ ಬರ್ಚ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮುನ್ನಿನ ವಯಸ್ಸಿನ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟರು. ಒಂದಕ್ಕೆ ‘ಮುಗಿಸು’ ಎಂಬ ವರಾತ, ಇನ್ನೊಂದಕ್ಕೆ ಇಲ್ಲ. ವರಾತ ಇಲ್ಲದ ಸೂಪನ್ನೇ ಮಕ್ಕಳು ಹೆಚ್ಚು ಕುಡಿದರು. ಇನ್ನೊಂದರ ಬಗ್ಗೆ ದೂರು ಹೇಳಿದರು. ಅಂದರೆ ಅನ್ನವನ್ನು ಹಳಿಯಬೇಡ ಎಂದು ಒತ್ತಾಯಿಸಿದವರೇ ಹಳಿಯುವುದನ್ನು ಕಲಿಸಿದಂತಾಯಿತು!

ಅದಕ್ಕೂ ಮುಂಚೆ, 1926ರಲ್ಲಿ, ಕ್ಲಾರಾ ಡೇವಿಸ್ ಎಂಬ ವೈದ್ಯೆ ಆಗಷ್ಟೇ ಹಾಲು ಬಿಟ್ಟ ಕೂಸುಗಳ ಮುಂದೆ ಬಗೆಬಗೆಯ ತಿನಿಸುಗಳನ್ನಿಟ್ಟು, ಬೇಕಾದ್ದನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ದಾದಿಯರು ಕೈ ತೋರಿಸುವ ಹಾಗಿಲ್ಲ, ಮುಖಭಾವದಲ್ಲೂ ಸುಳಿವು ಕೊಡುವ ಹಾಗಿಲ್ಲ. ಕೂಸುಗಳು ಒಂದೊಂದು ದಿನ ಒಂದೊಂದು ರೀತಿ ತಿಂದವು, ಚೆನ್ನಾಗಿಯೇ ಬೆಳೆದವು. ಮೂಳೆ ಮೆತ್ತಗಾಗುವ ರಿಕೆಟ್ಸ್ ಕಾಯಿಲೆ ಇದ್ದ ಒಂದು ಮಗು ಪಕ್ಕದಲ್ಲಿಟ್ಟ ಮೀನೆಣ್ಣೆಯನ್ನು ವಾಸಿಯಾಗುವವರೆಗೆ ಕುಡಿದು ಆಮೇಲೆ ಬಿಟ್ಟಿತು. ಆದರೆ ಗುಟ್ಟು ಇರುವುದು ತಿನಿಸಿನ ಪಟ್ಟಿಯಲ್ಲಿ ಎಂದು ಡೇವಿಸ್ ಅವರೇ ಹೇಳಿದರು. ಅದರಲ್ಲಿ ಸಕ್ಕರೆ ಇರಲಿಲ್ಲ. ಬಿಸ್ಕತ್ತು, ಚಿಪ್ಸ್ ಪೊಟ್ಟಣ ಮುಂದಿಟ್ಟು ಮಗುವಿನ ಇಷ್ಟಕ್ಕೆ ಬಿಡುವುದನ್ನು ಸ್ವಾತಂತ್ರ್ಯವೆಂದು ಕರೆಯಲಾಗದು. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರಿಗೆ. ಎಷ್ಟು, ಅಥವಾ ಬೇಕೇ ಬೇಡವೇ ಎಂಬುದು ಮಗುವಿಗೆ ಎಂದು ಆಹಾರತಜ್ಞೆ ಎಲಿನ್ ಸ್ಯಾಟರ್ ಹಾಕಿದ ಗೆರೆಯೂ ಇದೇ. ವರುಣ ಭೃಗುವಿಗೆ ದಾರಿ ತೋರಿಸಿ ಕಾದದ್ದಕ್ಕೆ ಇದು ಬಹಳ ದೂರವಿಲ್ಲ.

ಇನ್ನು ಉಣ್ಣದ ಮಗುವನ್ನು ಹೆದರಿಸಲು ಕರೆಯುವ ಗುಮ್ಮ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಜಗದೊಡೆಯನಾದ ಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ಅಮ್ಮನಲ್ಲಿ ಗೋಗರೆಯುತ್ತಾನೆ. ಅಮ್ಮ ಹೇಳಿದ್ದೆಲ್ಲ ನಿಜವೆಂದು ನಂಬುವ ಮಗುವಿನ ಮೇಲಷ್ಟೇ ಗುಮ್ಮ ಕೆಲಸ ಮಾಡುತ್ತಾನೆ. ಆ ನಂಬಿಕೆಯನ್ನು ಖರ್ಚು ಮಾಡಿ ನಾಲ್ಕು ತುತ್ತು ಗಿಟ್ಟಿಸುವುದು ದುಬಾರಿ ವ್ಯಾಪಾರ. ಚಂದಮಾಮನನ್ನು ತೋರಿಸುವುದು ಅಷ್ಟು ಕೆಟ್ಟದ್ದಲ್ಲ. ಅಲ್ಲಿ ಅಮ್ಮನ ಕಣ್ಣು ಮಗುವಿನ ಮೇಲಿರುತ್ತದೆ, ಸಾಕೆಂದರೆ ತಿಳಿಯುತ್ತದೆ. ಮೊಬೈಲ್ ಮುಂದೆ ಕೂತ ಮಗುವಿಗೆ ತಾನು ಉಂಡದ್ದೇ ಗೊತ್ತಿರುವುದಿಲ್ಲ.

ಇದೆಲ್ಲ ಹೊಟ್ಟೆ ತುಂಬಿದವರ ತತ್ವ ಎಂಬ ಆಕ್ಷೇಪಕ್ಕೆ ತೂಕವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಬಳಲಿದ ಮಗುವಿಗೆ ಹಸಿವೇ ಸತ್ತಿರಬಹುದು. ತೂಕ ಇಳಿಯುತ್ತಿದ್ದರೆ ತತ್ವ ಬದಿಗಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಬಡ ಮನೆಗೂ ಅದೇ: ನಿಧಾನವಾಗಿ, ತಾಳ್ಮೆಯಿಂದ, ಹುರಿದುಂಬಿಸಿ ಉಣಿಸಿ, ಬಲವಂತ ಬೇಡ. ಕೊರತೆ ಮಗುವಿನ ಬಾಯಲ್ಲಿಲ್ಲ, ಬಟ್ಟಲಿನಲ್ಲಿದೆ. ಮೊಟ್ಟೆ, ಕಾಳು, ಸೊಪ್ಪು ಅಲ್ಲಿಗೆ ತಲುಪಬೇಕು. ಅನ್ನವನ್ನು ಹೆಚ್ಚಿಸಬೇಕೆಂಬ ವ್ರತ ಸರ್ಕಾರಕ್ಕೂ ಸಲ್ಲುತ್ತದೆ.

ಮದುವೆಮನೆಯ ಪಂಕ್ತಿಯಲ್ಲಿ ಉಂಡವರು ಎಲೆಗೆ ಕೈ ಅಡ್ಡ ಹಿಡಿದರೆ ಬಡಿಸುವವರು ಒಂದೆರಡು ಸಲ ಉಪಚಾರ ಹೇಳಿ ಮುಂದೆ ಹೋಗುತ್ತಾರೆ. ಅನ್ನಕ್ಕೆ ಅವಮಾನವಾಯಿತೆಂದು ಯಾರೂ ಅನ್ನುವುದಿಲ್ಲ. ಮಗು ತಿರುಗಿಸಿದ ಮುಖಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು. ಚೆಲ್ಲುವ ಚಿಂತೆಗೆ ಮದ್ದು ಸುಲಭ: ಬಟ್ಟಲು ತುಂಬ ಕಲಸದೆ ಎರಡು ಚಮಚ ಬಡಿಸಿ, ಕೇಳಿದರೆ ಇನ್ನೆರಡು ಹಾಕಿದರಾಯಿತು. ಇಂದು ಮುಟ್ಟದ ಬೀನ್ಸ್ ಪಲ್ಯವನ್ನು ನಾಲ್ಕು ದಿನ ಬಿಟ್ಟು, ಏನೂ ಹೇಳದೆ, ಮತ್ತೆ ಚಿಟಿಕೆಯಷ್ಟು ಇಡಬಹುದು. ಎಷ್ಟೋ ಮಕ್ಕಳು ಹೊಸ ರುಚಿಗೆ ಒಗ್ಗುವ ಹೊತ್ತಿಗೆ ಹತ್ತು ಸಲವಾದರೂ ಹೀಗೆ ಇಟ್ಟಿರಬೇಕಾಗುತ್ತದೆ.