ಅಳತೆಯ ಚಿಂತೆ

ಮುಂಬಯಿಯ ಲೋಕಲ್ ಗಾಡಿಗಳಲ್ಲಿ ‘ಗುಪ್ತರೋಗ’ದ ಜಾಹೀರಾತು ಚೀಟಿಗಳನ್ನು ನಾವೆಲ್ಲ ಓದಿದ್ದೇವೆ, ಓದಿಲ್ಲವೆಂಬಂತೆ ಕಿಟಕಿಯಾಚೆ ನೋಡಿದ್ದೇವೆ. ಪಕ್ಕದಲ್ಲಿ ಕುಳಿತ ಮಗನೂ ಓದಿರುತ್ತಾನೆ. ಔಷಧದಿಂದ ಶಿಶ್ನದ ಗಾತ್ರ ಹೆಚ್ಚಿಸುತ್ತೇವೆಂದು ಹೇಳಿಕೊಳ್ಳುವುದು ನಮ್ಮ ಔಷಧ ನಿಯಮಗಳ ಪ್ರಕಾರ ನಿಷಿದ್ಧ. ಚೀಟಿಗಳಿಗೆ ಅದರ ಪರಿವೆಯಿಲ್ಲ.

ಸಂಕೋಚ ಬಿಟ್ಟು ಒಂದು ಲೆಕ್ಕ ಹೇಳೋಣ. ಲಂಡನ್ನಿನ ಸಂಶೋಧಕರು ಹಲವು ದೇಶಗಳಲ್ಲಿ ವೈದ್ಯರು ತೆಗೆದ ಅಳತೆಗಳನ್ನು, ಒಟ್ಟು 15,521 ಗಂಡಸರವು, ಕಲೆಹಾಕಿ 2015ರಲ್ಲಿ ಪ್ರಕಟಿಸಿದರು. ಉದ್ರೇಕಗೊಂಡಾಗಿನ ಸರಾಸರಿ ಉದ್ದ 13.12 ಸೆಂಟಿಮೀಟರ್, ಅಂದರೆ ಐದು ಅಂಗುಲ ಚಿಲ್ಲರೆ. ಚಿಕ್ಕದೆಂದು ಕೊರಗುತ್ತಾ ವೈದ್ಯರ ಬಳಿ ಬರುವವರಲ್ಲಿ ಹೆಚ್ಚಿನವರು ಸಹಜ ಅಳತೆಯವರೇ.

ಆದರೂ ತನ್ನ ದೇಹ, ತನ್ನ ದುಡ್ಡು, ತಿದ್ದಿಸಿಕೊಂಡರೆ ತಪ್ಪೇನು? ಕೂದಲಿಗೆ ಬಣ್ಣ ಹಚ್ಚುವ ನಾವು ಸುಮ್ಮನೆ ಬೈದು ಪಾರಾಗುವಂತಿಲ್ಲ. ಬಣ್ಣವೇನೋ ಮಾಸುತ್ತದೆ, ಕತ್ತರಿ ಹಾಗಲ್ಲ. ಬುಡದ ಕಟ್ಟನ್ನು ಕೊಯ್ದು ಉದ್ದ ತೋರಿಸುವ ಶಸ್ತ್ರಕ್ರಿಯೆಯಿಂದ ಉದ್ರೇಕದ ಉದ್ದವೇನೂ ಹೆಚ್ಚದು. ಆಧಾರ ಸಡಿಲಾಗಬಹುದು, ಗಾಯ ಬಿಗಿದು ಇನ್ನೂ ಗಿಡ್ಡವಾಗಲೂಬಹುದು. ಇದಕ್ಕೆ ಒಪ್ಪಿ ಸಹಿ ಹಾಕುವವನು ಸ್ವಂತ ಇಚ್ಛೆಯಿಂದ ಹಾಕಿದನೇ, ನಾಚಿಕೆಯ ಒತ್ತಾಯಕ್ಕೆ ಹಾಕಿದನೇ? ನಮ್ಮನ್ನು ಕಾಡುವುದು ಇದು.

ಊರಿನಲ್ಲಾದರೆ ಭಾವನೋ ಸೋದರಮಾವನೋ ತಮಾಷೆಯ ನಡುವೆ ಧೈರ್ಯ ಹೇಳುತ್ತಿದ್ದರು. (ತಪ್ಪು ತಿಳಿವಳಿಕೆಯನ್ನೂ ಹಂಚುತ್ತಿದ್ದರೆನ್ನಿ.) ಇಲ್ಲಿನ ಎರಡು ಕೋಣೆಯ ಮನೆಯಲ್ಲಿ ಮಗನಿಗಿರುವುದು ಅಪ್ಪನ ಮೌನ ಮತ್ತು ಗಾಡಿಯ ಚೀಟಿ. ಚೀಟಿಯಾದರೂ ಮಾತಾಡುತ್ತದೆ. ನಾವು ನಿಲ್ದಾಣ ಬಂತೆಂದು ಎದ್ದು ನಿಲ್ಲುತ್ತೇವೆ.