ಮೊದಲು ನನ್ನದು, ಆಮೇಲೆ ದಾಸೋಹ

ನನಗೀಗ ಎಂಟು ತುಂಬಿ ಒಂಬತ್ತರಲ್ಲಿ ಬಿದ್ದಿದೆ. ಧಾರವಾಡದ ನಮ್ಮ ಮನೆಗೆ ಬಂದವರೆಲ್ಲ ನನ್ನ ಹೊಟ್ಟೆ ನೋಡಿ, ಎರಡೂವರೆ ವರ್ಷದ ನನ್ನ ಮಗಳ ಗಲ್ಲ ಹಿಡಿದು ಒಂದೇ ಮಾತು ಹೇಳುತ್ತಾರೆ: “ಇನ್ನ ತಮ್ಮ ಬರ್ತಾನವಾ, ಎಲ್ಲಾ ಹಂಚಿಕೊಂಡು ಇರಬೇಕು.” ತಮ್ಮನೋ ತಂಗಿಯೋ ಯಾರಿಗೂ ಗೊತ್ತಿಲ್ಲ, ಆದರೂ ಎಲ್ಲರ ಬಾಯಲ್ಲಿ ತಮ್ಮನೇ. ಅದರ ವಿಚಾರ ಆಮೇಲೆ ಬರುತ್ತದೆ. ನನ್ನನ್ನು ಕಾಡುತ್ತಿರುವುದು ಆ ಹಂಚಿಕೊಳ್ಳುವ ಮಾತು. ಲಿಂಗಾಯತ ಮನೆತನದಲ್ಲಿ ಹುಟ್ಟಿ, ಹೈಸ್ಕೂಲಿನಲ್ಲಿ ಪ್ರತಿವರ್ಷ ಬಸವಣ್ಣನ ಪಾಠ ಮಾಡುವ ನನಗೆ ಅದು ಹಿತವಾಗಿ ಕೇಳಬೇಕಿತ್ತು. ಹಿತವಾಗಿ ಕೇಳುತ್ತಿಲ್ಲ. ತನ್ನದು ಯಾವುದೆಂದು ಈಗಷ್ಟೇ ಕಂಡುಕೊಳ್ಳುತ್ತಿರುವ ಮಗುವಿಗೆ ಅದನ್ನು ಬಿಟ್ಟುಕೊಡು ಎನ್ನುವುದು ಧರ್ಮವೇ? ಏನೂ ತನ್ನದಿಲ್ಲದವರು ದಾಸೋಹ ಮಾಡುವುದಾದರೂ ಹೇಗೆ?

ಅವಳ ‘ನಂದು’ಗಳು ಬಹಳ ಇಲ್ಲ. ಅಂಚಿಗೆ ಹೆಸರು ಕೊರೆಸಿದ ಸ್ಟೀಲ್ ತಾಟು. ನನ್ನ ಹಳೆಯ ಇಳಕಲ್ ಸೀರೆಯ ಸೆರಗಿನ ಒಂದು ತುಂಡು. ಅದು ಕೈಯಲ್ಲಿಲ್ಲದಿದ್ದರೆ ಅವಳಿಗೆ ನಿದ್ದೆ ಇಲ್ಲ. ಅಪ್ಪನ ಸ್ಕೂಟರಿನ ಮುಂದೆ ನಿಲ್ಲುವ ಜಾಗ. ನನ್ನ ಮಡಿಲು. ಈಗ ಹೊಸದಾಗಿ ಸೇರಿದ್ದು ತೊಟ್ಟಿಲು. ನಮ್ಮತ್ತೆ ಅದನ್ನು ಅಟ್ಟದಿಂದ ಇಳಿಸಿ, ಸೀಗೆಪುಡಿ ಹಾಕಿ ತಿಕ್ಕಿ, ಅಂಗಳದ ಬಿಸಿಲಿಗಿಟ್ಟರು. ಕಾಲು ಹೊರಗೆ ಚಾಚುವಷ್ಟು ಬೆಳೆದಿರುವ ಮಗಳು ಹತ್ತಿ ಅದರಲ್ಲಿ ಕೂತು, “ಇದು ನಂದ ಐತಿ” ಎಂದಳು. ಮಾತು ಸುಳ್ಳಲ್ಲ. ಅವಳು ಹುಟ್ಟಿದಾಗ ತವರಿನವರು ಅವಳಿಗೆಂದೇ ತಂದ ತೊಟ್ಟಿಲು ಅದು. “ಹಂಗ ಅನಬಾರದು ಕೂಸ, ನಂದು ಅನ್ನೂದು ಛಲೋ ಅಲ್ಲ” ಎಂದು ಅತ್ತೆ ತಿದ್ದಿದರು. ಅತ್ತೆಯ ಮಾತಿನ ಹಿಂದೆ ದೊಡ್ಡ ಪರಂಪರೆ ಇದೆ. ನಾನು, ನನ್ನದು ಎಂಬುದೇ ಬಂಧನದ ಬೇರು ಎಂದು ಈ ನಾಡಿನಲ್ಲಿ ಹೇಳದ ಸಾಧುಸಂತರಿಲ್ಲ. ತನು, ಮನ, ಧನ ಮೂರನ್ನೂ ಗುರು ಲಿಂಗ ಜಂಗಮಕ್ಕೆ ಸವೆಸಬೇಕೆಂದು ಶರಣರೂ ಹೇಳಿದರು.

ಆದರೆ ಅದೇ ಶರಣರ ದಾರಿಯಲ್ಲಿ, ಅದೇ ನಮ್ಮತ್ತೆಯ ಕೈಯಿಂದ, ಈ ಮಗುವಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಒಂದು ‘ನಂದು’ ಸಿಕ್ಕಿತ್ತು. ಅಯ್ಯನವರು ಬಂದು ಹಣೆಗೆ ವಿಭೂತಿ ಹಚ್ಚಿ ಲಿಂಗಧಾರಣೆ ಮಾಡಿದ್ದರು. ಕಪ್ಪು ಕಂತಿಯ ಪುಟ್ಟ ಇಷ್ಟಲಿಂಗ, ಅದಕ್ಕೊಂದು ಬೆಳ್ಳಿಯ ಕರಡಿಗೆ, ಶಿವದಾರ. ಅವಳು ಅರಿತು ಧರಿಸುವ ವಯಸ್ಸು ಬರುವ ತನಕ ಅದು ದೇವರ ಜಗಲಿಯ ಮೇಲೆ ಅವಳ ಹೆಸರಿನಲ್ಲಿ ಇರುತ್ತದೆ. ಅದನ್ನು ಬೇರೆ ಯಾರೂ ತಮ್ಮದಾಗಿ ಪೂಜಿಸುವಂತಿಲ್ಲ. ಗಂಡನಿಗೆ ಗಂಡನದು, ಹೆಂಡತಿಗೆ ಹೆಂಡತಿಯದು, ಕೂಸಿಗೆ ಕೂಸಿನದು. ಹಬ್ಬದಲ್ಲಿ ಮನೆಮಂದಿ ಎಲ್ಲ ಸಾಲಾಗಿ ಕೂತು ಪೂಜೆ ಮಾಡುವಾಗಲೂ ಅವರವರ ದೇವರು ಅವರವರ ಎಡಗೈ ಅಂಗೈಯ ಮೇಲೆ.

ಇದರ ಅರ್ಥ ನನಗೆ ಸರಿಯಾಗಿ ತಾಗಿದ್ದು ನಮ್ಮ ಮಾವ ಲಿಂಗೈಕ್ಯರಾದ ವರ್ಷ. ಬೈಲಹೊಂಗಲ ಕಡೆಯ ಹೊಲವನ್ನು ಅಣ್ಣತಮ್ಮಂದಿರು ಸರ್ವೇ ಮಾಡಿಸಿ ಪಾಲು ಮಾಡಿಕೊಂಡರು. ಹಿತ್ತಾಳೆ ಕೊಡ, ತಾಮ್ರದ ಹಂಡೆ, ಅತ್ತೆಯ ಬಂಗಾರ ಎಲ್ಲಕ್ಕೂ ಪಾಲು ಬಿತ್ತು. ಬೇವಿನ ಮರದ ಮೇಲೂ ಮಾತಾಯಿತು. ಮಾವನ ಲಿಂಗದ ಮೇಲೆ ಮಾತ್ರ ಯಾರ ಹಕ್ಕೂ ಇರಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ. ದೇಹವನ್ನು ಸಮಾಧಿಯಲ್ಲಿ ಕೂರಿಸಿ, ವಿಭೂತಿ ಗಟ್ಟಿಗಳ ನಡುವೆ, ಎಡ ಅಂಗೈಯಲ್ಲಿ ಅವರ ಇಷ್ಟಲಿಂಗವನ್ನೇ ಇಟ್ಟು ಮಣ್ಣು ಕೊಡುತ್ತಾರೆ. ಹೆಂಡತಿಗೂ ಬಿಡದ, ಮಕ್ಕಳಿಗೂ ಬರದ ಒಂದು ಆಸ್ತಿ. ಎಲ್ಲವನ್ನೂ ಹಂಚಿ ಉಣ್ಣು ಎಂದ ಧರ್ಮ, ಹುಟ್ಟಿದ ದಿನದಿಂದ ಮಣ್ಣಾಗುವ ದಿನದ ತನಕ ಹಂಚಲಾಗದ ಒಂದನ್ನು ಪ್ರತಿಯೊಬ್ಬರ ಕೈಗೆ ಕೊಟ್ಟಿದೆ. ಎರಡನ್ನೂ ಹೇಳಿದವರು ಒಬ್ಬರೇ ಆದ್ದರಿಂದ ಇವೆರಡರ ನಡುವೆ ಸಂಬಂಧ ಇರಲೇಬೇಕು ಎಂದು ನಾನು ನಂಬುತ್ತೇನೆ.

ಎಂಟನೆಯ ತಿಂಗಳಲ್ಲಿ ಹೊಟ್ಟೆಯ ಕೂಸಿಗೂ ಲಿಂಗಧಾರಣೆ ಆಯಿತು. ಗರ್ಭಲಿಂಗಧಾರಣೆಯನ್ನು ಈಗ ಎಲ್ಲ ಮನೆಗಳಲ್ಲಿ ಮಾಡುವುದಿಲ್ಲ. ಅತ್ತೆ ಹಟ ಹಿಡಿದರು, ನನಗೂ ಬೇಕಿತ್ತು. ಅಯ್ಯನವರು ಚಿಕ್ಕ ಲಿಂಗವೊಂದನ್ನು ಬಿಳಿ ಅರಿವೆಯಲ್ಲಿ ಸುತ್ತಿ ನನ್ನ ತೋಳಿಗೆ ಕಟ್ಟಿದರು. ಕೊರಳಲ್ಲಿ ನನ್ನದು, ತೋಳಿನಲ್ಲಿ ಕೂಸಿನದು. ಹುಟ್ಟಿದ ಮೇಲೆ ಅದು ಕೂಸಿಗೆ ಸೇರುತ್ತದೆ. ಅಷ್ಟು ದಿನ ನಾನು ಹೊರುವವಳು ಮಾತ್ರ.

ಆ ಹೊತ್ತಿನಲ್ಲಿ ನನ್ನ ಮನಸ್ಸು ತುಂಬಿ ಬಂದದ್ದಕ್ಕೆ ಕಾರಣವಿದೆ. ಕೂಸು ಹೆಣ್ಣೋ ಗಂಡೋ ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ಅದನ್ನು ಹೇಳುವುದೂ ಕೇಳುವುದೂ ಅಪರಾಧ ಎಂಬ ಫಲಕ ಇದೆ. ಆ ಕಾನೂನು ಬಂದದ್ದು 1994ರಲ್ಲಿ. ಹೆಣ್ಣು ಭ್ರೂಣಗಳನ್ನು ಹೊಟ್ಟೆಯಲ್ಲೇ ಮುಗಿಸುವ ಸಮಾಜ ಆದದ್ದರಿಂದಲೇ ನಮಗೆ ಅಂಥದೊಂದು ಕಾನೂನು ಬೇಕಾಯಿತು. ನಮ್ಮ ಲಿಂಗಾಯತ ಮನೆಗಳು ಅದಕ್ಕೆ ಹೊರತೆಂದು ನಾನು ಹೇಳಲಾರೆ. ಹೆಣ್ಣಾದ ಮೇಲೆ ಗಂಡೇ ಆಗಲಿ ಎಂದು ನನ್ನ ಎದುರೇ ಹರಸಿದವರ ಕೊರಳಲ್ಲೂ ಲಿಂಗವಿತ್ತು. ಎಂಟು ವರ್ಷದ ಬಸವಣ್ಣ, ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೆ ಬೇಡವೆಂದು ಮನೆ ಬಿಟ್ಟ ಕತೆಯನ್ನು ನಮ್ಮಲ್ಲಿ ಪ್ರತಿ ಮಗುವಿಗೂ ಹೇಳುತ್ತಾರೆ. ಅಕ್ಕನ ಜೊತೆ ತಮ್ಮ ಹೇಗಿರಬೇಕು ಎಂಬುದಕ್ಕೆ ಅದಕ್ಕಿಂತ ದೊಡ್ಡ ಕತೆ ಬೇಕಿಲ್ಲ. ಅದರಲ್ಲಿ ಒಂದನ್ನು ಗಮನಿಸಬೇಕು: ಬಾಲಕ ಬಸವಣ್ಣ ತನ್ನ ದಾರವನ್ನು ತುಂಡು ಮಾಡಿ ಅಕ್ಕನಿಗೆ ಅರ್ಧ ಕೊಡುತ್ತೇನೆ ಎನ್ನಲಿಲ್ಲ. ಅಕ್ಕನಿಗೂ ಪೂರ್ತಿ ಸಿಗದಿದ್ದರೆ ತನಗೆ ಬೇಡವೆಂದ. ಮುಂದೆ ಕಲ್ಯಾಣದಲ್ಲಿ ಅವನು ಕಟ್ಟಿದ ದಾರಿಯಲ್ಲಿ ನಾಗಮ್ಮನಿಗೂ ಪೂರ್ತಿ ಸಿಕ್ಕಿತು, ಮಡಿವಾಳನಿಗೂ, ಸಮಗಾರನಿಗೂ ಸಿಕ್ಕಿತು.

ಪಾಲು ಮಾಡಿಕೊಡುವುದು ಒಂದು, ಪ್ರತಿಯೊಬ್ಬರಿಗೂ ಇಡಿಯಾಗಿ ಕೊಡುವುದು ಇನ್ನೊಂದು. ಬಂದವರು ನನ್ನ ಮಗಳಿಗೆ ಹೇಳುತ್ತಿರುವುದು ಮೊದಲನೆಯದನ್ನು. ಅವಳಿಗೆ ಬೇಕಿರುವುದು ಎರಡನೆಯದು.

ಇದನ್ನು ಅತ್ತೆಯ ಹತ್ತಿರ ಹೇಳಿದಾಗ ಅವರು ಒಪ್ಪಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸದೆಯೇ, “ಹಂಗಾದ್ರ ಕೂಸು ಸ್ವಾರ್ಥಿ ಆಗತೈತಿ ನೋಡವಾ. ಸಣ್ಣದಿದ್ದಾಗ ಕಲೀಲಿಲ್ಲಂದ್ರ ದೊಡ್ಡದಾದ ಮ್ಯಾಲೆ ಕೊಡೂದು ಬರೂದಿಲ್ಲ” ಎಂದರು. ಇದು ತಳ್ಳಿಹಾಕುವ ಮಾತಲ್ಲ. ಬಂದವರಿಗೆ ಉಣಿಸದೆ ಕಳಿಸಿದ ಹೆಂಗಸಲ್ಲ ಅವರು. ಅವರ ಮಾತಿಗೆ ನಾನು ಉತ್ತರ ಹುಡುಕಿದ್ದು ಆಯ್ದಕ್ಕಿ ಲಕ್ಕಮ್ಮನಲ್ಲಿ. ಅವಳ ಗಂಡ ಮಾರಯ್ಯನ ಕಾಯಕ ಬಿದ್ದ ಅಕ್ಕಿ ಆಯುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಾದದ್ದನ್ನು ಆಯ್ದ ಜಾಗಕ್ಕೇ ಸುರಿದು ಬಾ ಎಂದು ಕಳಿಸಿದಳು. ದುರಾಸೆ ಬೇಡ ಎಂದು ಹೇಳಲು ಈ ಕತೆಯನ್ನು ಬಳಸುತ್ತೇವೆ, ಅದು ಸರಿ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ತಮ್ಮದು ಎಷ್ಟು ಎಂಬುದು ಲಕ್ಕಮ್ಮನಿಗೆ ಖಚಿತವಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ತಮ್ಮದಲ್ಲದ್ದು ಎಲ್ಲಿಂದ ಶುರುವಾಗುತ್ತದೆ ಎಂದು ಅವಳು ಮೊರದಲ್ಲಿ ನೋಡಿಯೇ ಹೇಳಬಲ್ಲವಳಾಗಿದ್ದಳು. ‘ನಂದು’ ಎಂಬುದರ ಗೆರೆ ಕಾಣದ ಮಗುವಿಗೆ ‘ನಂದಲ್ಲ’ ಎಂಬುದೂ ಕಾಣುವುದಿಲ್ಲ.

ನನ್ನ ಗಂಡ ಹೈಸ್ಕೂಲು ಓದಿದ್ದು ತುಮಕೂರಿನ ಸಿದ್ಧಗಂಗೆಯಲ್ಲಿ. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಇದ್ದ ಕಾಲ ಅದು. ಸಾವಿರಾರು ಹುಡುಗರು, ಯಾವ ಜಾತಿಯವರೆಂದು ಕೇಳುವವರಿಲ್ಲ, ಎಲ್ಲರಿಗೂ ಒಂದೇ ಮುದ್ದೆ, ಒಂದೇ ಸಾರು. ದಾಸೋಹ ಎಂದರೆ ನಮ್ಮ ಕಣ್ಣಮುಂದೆ ಬರುವುದೇ ಆ ಪಂಕ್ತಿ. ನನ್ನ ಗಂಡ ಅಲ್ಲಿಯ ದಿನಗಳನ್ನು ನೆನೆಯುವಾಗ ಊಟದಷ್ಟೇ ಅಕ್ಕರೆಯಿಂದ ಹೇಳುವುದು ತಮ್ಮ ಟ್ರಂಕಿನ ವಿಷಯ. ತಗಡಿನ ಟ್ರಂಕು, ಅದಕ್ಕೊಂದು ಬೀಗ, ಕೀಲಿ ಉಡಿದಾರಕ್ಕೆ. ಒಳಗೆ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ, ಎರಡು ಜೊತೆ ಬಟ್ಟೆ, ಬಂದ ಕಾಗದಗಳು. ಅಷ್ಟು ಜನರ ನಡುವೆ ಆ ಟ್ರಂಕು ತಮ್ಮದೆಂಬ ಧೈರ್ಯ ಇದ್ದದ್ದರಿಂದಲೇ ಉಳಿದದ್ದೆಲ್ಲ ಎಲ್ಲರದು ಎಂದು ಬಾಳಲು ಸಾಧ್ಯವಾಯಿತು ಎನ್ನುತ್ತಾರೆ. ಈಗ ನಮ್ಮ ಮಂಚದ ಕೆಳಗೆ ಮಗಳಿಗೂ ಒಂದು ಸಣ್ಣ ಟ್ರಂಕು ಬಂದಿದೆ. ಅದರೊಳಗಿನದನ್ನು ಕೂಸಿಗೂ ಕೊಡಬೇಕಿಲ್ಲ, ಬಂದವರ ಮಕ್ಕಳಿಗೂ ಕೊಡಬೇಕಿಲ್ಲ. ಊಟ, ಹಣ್ಣು, ಅಂಗಳದ ಉಸುಕು, ಚೆಂಡು ಎಲ್ಲರವು. ಅವುಗಳಿಗಾಗಿ ಅವಳು ಜಗಳವಾಡುವುದು ನಿಂತಿದೆ ಎಂದು ನಾನು ಹೇಳುತ್ತಿಲ್ಲ. ಮೊನ್ನೆಯೂ ಪಪ್ಪಾಯಿ ಹೋಳಿಗೆ ಅತ್ತು ನೆಲದ ಮೇಲೆ ಉರುಳಾಡಿದಳು.

ಅಕ್ಕಮಹಾದೇವಿಯ ನೆನಪೂ ನನಗೆ ಈ ದಿನಗಳಲ್ಲಿ ಬರುತ್ತಲೇ ಇರುತ್ತದೆ. ಅರಮನೆ ಬಿಟ್ಟಳು, ಕೌಶಿಕನನ್ನು ಬಿಟ್ಟಳು, ಉಟ್ಟದ್ದನ್ನೂ ಬಿಟ್ಟಳು. ಇಷ್ಟೆಲ್ಲ ಬಿಟ್ಟವಳು ಚೆನ್ನಮಲ್ಲಿಕಾರ್ಜುನನನ್ನು ಮಾತ್ರ ತನ್ನ ಗಂಡನೆಂದೇ ಕರೆದಳು, ಕೊನೆಯ ತನಕ ತನ್ನವನೆಂದೇ ಹಿಡಿದಳು. ಅಷ್ಟೊಂದು ಬಿಡುವ ಶಕ್ತಿ ಅವಳಿಗೆ ಬಂದದ್ದು ಆ ಒಂದು ಹಿಡಿತದಿಂದ ಎಂದೇ ನನ್ನ ತಿಳಿವಳಿಕೆ.

ಉಳಿದದ್ದು ಮಡಿಲಿನ ಮಾತು. ಟ್ರಂಕಿನಂತೆ ಇನ್ನೊಂದು ತರಲು ಬರುವುದಿಲ್ಲ. ಈಗಲೇ ಹೊಟ್ಟೆ ಮುಂದೆ ಬಂದು ಮಗಳಿಗೆ ಇರುವುದು ಅರ್ಧ ಮಡಿಲು. ಅವಳು ಪಕ್ಕಕ್ಕೆ ಜಾರಿ ಕೂತು, ಒಳಗಿನ ಒದೆತ ಬೆನ್ನಿಗೆ ತಾಗಿದರೆ ತಿರುಗಿ ಸಿಟ್ಟಿನಿಂದ ನೋಡುತ್ತಾಳೆ. ಎರಡನೆಯದು ಬಂದರೆ ಪ್ರೀತಿ ಎರಡರಷ್ಟಾಗುತ್ತದೆ, ಚಿಂತೆ ಬಿಡು ಎಂದು ಗೆಳತಿಯರು ಹೇಳುತ್ತಾರೆ. ಇರಬಹುದು. ಆದರೆ ರಾತ್ರಿಗಳು ಎರಡರಷ್ಟಾಗುವುದಿಲ್ಲ, ಕೈಗಳು ನಾಲ್ಕಾಗುವುದಿಲ್ಲ. ಕೂಸಿಗೆ ಹಾಲು ಕೊಡುವ ಹೊತ್ತಿಗೆ ದೊಡ್ಡದು ಬಿದ್ದು ಅತ್ತರೆ ಒಬ್ಬರಿಗೆ ಕಡಿಮೆಯಾಗಿಯೇ ಆಗುತ್ತದೆ. ಪ್ರೀತಿಯ ಹೆಸರಿನಲ್ಲಿ ಈ ಕೊರತೆಯನ್ನು ಮುಚ್ಚುವುದು ನನಗೆ ಬೇಡ.

ಇಲ್ಲಿ ನನಗೆ ಆಸರೆಯಾಗಿರುವುದು ಜಗಲಿಯ ಮೇಲಿನ ಆ ಕರಡಿಗೆ ಮತ್ತು ತೋಳಿನ ಮೇಲಿನ ಈ ಗಂಟು. ಈ ಇಬ್ಬರಿಗೂ ಇಡಿಯಾಗಿ ಸಿಗಬೇಕಾದದ್ದು ನಾನೊಬ್ಬಳೇ ಆಗಿದ್ದರೆ ಇಬ್ಬರೂ ಬಡವರೇ. ನಮ್ಮ ಧರ್ಮ ತಾಯಿಗೆ ಆ ಜಾಗ ಕೊಟ್ಟಿಲ್ಲ. ಹುಟ್ಟುವ ಮೊದಲೇ, ಅವ್ವ ಬಸುರಿ ಇರುವಾಗಲೇ, ಅವ್ವನನ್ನು ದಾಟಿ ಹೋಗುವ ಒಂದು ಸಂಬಂಧವನ್ನು ಕೂಸಿಗೆ ಕಟ್ಟಿಕೊಟ್ಟಿದೆ. ದೇವರ ಮುಂದೆ ಅವಳು ನನ್ನ ಮಗಳಾಗಿ ನಿಲ್ಲಬೇಕಿಲ್ಲ, ಅಕ್ಕ ಆಗಿಯೂ ನಿಲ್ಲಬೇಕಿಲ್ಲ. ತಾಯಿಯೇ ದೇವರು ಎಂಬ ಮಾತನ್ನು ಎಲ್ಲರೂ ಹೊಗಳಿಕೆಯಾಗಿ ಹೇಳುತ್ತಾರೆ. ನನಗೆ ಅದು ಹೊರಲಾರದ ಭಾರ, ಮಕ್ಕಳಿಗೂ ಅನ್ಯಾಯ ಎನಿಸುತ್ತದೆ. ನಾನು ದಣಿಯುತ್ತೇನೆ, ರೇಗುತ್ತೇನೆ, ಒಂದು ದಿನ ಇರುವುದಿಲ್ಲ.

ಬೆಳಗ್ಗೆ ನನ್ನ ಪೂಜೆಗೆ ಕೂತಾಗ ಮಗಳು ಬಂದೇ ಬರುತ್ತಾಳೆ. ಅಂಗೈಯ ಮೇಲೆ ಲಿಂಗ ಇಟ್ಟುಕೊಂಡಷ್ಟು ಹೊತ್ತು ನಾನು ಯಾರ ಅವ್ವನೂ ಅಲ್ಲ ಎಂಬುದು ಅವಳಿಗೆ ತಿಳಿಯಲಿ ಎಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ, ಮಡಿಲಿಗೆ ಎತ್ತಿಕೊಳ್ಳುವುದಿಲ್ಲ. ಕೆಲವು ದಿನ ಕೂರುತ್ತಾಳೆ, ಕೆಲವು ದಿನ ಅಳುತ್ತಾಳೆ. ಒಮ್ಮೆ ತೋಳಿನ ಗಂಟು ಮುಟ್ಟಿ ಯಾರದ್ದೆಂದು ಕೇಳಿದಳು. “ಹೊಟ್ಯಾಗಿನ ಕೂಸಿಂದು” ಎಂದೆ. “ನಂದು ಅಲ್ಲೈತಿ” ಎಂದು ಜಗಲಿಯ ಕಡೆ ಕೈ ಮಾಡಿದಳು. ಆ ಗಂಟನ್ನು ಮತ್ತೆ ಕೇಳಿಲ್ಲ, ಎಳೆದೂ ಇಲ್ಲ.

ತೊಟ್ಟಿಲಿನ ವಿಷಯ ಇನ್ನೂ ಮುಗಿದಿಲ್ಲ. ಅದನ್ನು ಕೂಸಿಗೆ ಕೊಡುವುದು ಅವಳನ್ನು ಕೇಳಿಯೇ ಎಂದು ನಾನು ಹೇಳಿದೆ. “ಎರಡೂವರಿ ವರ್ಷದ ಕೂಸಿನ್ನ ಯಾರರ ಕೇಳತಾರೇನ?” ಎಂದು ಅತ್ತೆ ಬೇಸರ ಮಾಡಿಕೊಂಡಿದ್ದಾರೆ. ಕೇಳಿದಾಗ ಒಂದು ಸಲ ಹೂಂ ಎಂದಿದ್ದಾಳೆ, ಇನ್ನೊಂದು ಸಲ ತನ್ನ ಸೀರೆಯ ತುಂಡು ತಂದು ಅದರೊಳಗೆ ಹಾಸಿ ಮಲಗಿದ್ದಾಳೆ. ಹೆರಿಗೆಯ ಹೊತ್ತಿಗೂ ಬ್ಯಾಡ ಎಂದೇ ಅಂದರೆ ಕೂಸಿಗೆ ಸೀರೆಯ ಜೋಲಿ ಕಟ್ಟುವುದೆಂದು ನಾವು ಗಂಡಹೆಂಡತಿ ನಿಶ್ಚಯಿಸಿದ್ದೇವೆ. ನಡುಮನೆಯ ತೊಲೆಯ ಕೊಂಡಿ ಗಟ್ಟಿಯಾಗಿದೆ. ನನ್ನ ಗಂಡ ಜೋತುಬಿದ್ದು ನೋಡಿದ್ದಾರೆ.